ಜಿಪ್ಸಂ ಪಾರ್ಟಿಷನ್ ಗೋಡೆಯೊಳಗಿನ ಸ್ಟಡ್ ಸಿಗುತ್ತಿಲ್ಲ, ಯಂತ್ರ ಎಲ್ಲಿ ಇಟ್ಟರೂ ಕೂಗುತ್ತದೆ

ಯಲಹಂಕದ ಸದಸ್ಯೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಫ್ಲ್ಯಾಟಿನ ಹಾಲನ್ನು ಹಿಂದಿನ ಮಾಲೀಕರು ಜಿಪ್ಸಂ ಬೋರ್ಡಿನ ಅಡ್ಡಗೋಡೆ ಹಾಕಿಸಿ ಎರಡು ಭಾಗ ಮಾಡಿದ್ದಾರೆ. ಬಾಲ್ಕನಿ ಕಡೆಯ ಇಟ್ಟಿಗೆ ಗೋಡೆಯಿಂದ ಬಾಗಿಲಿನ ಚೌಕಟ್ಟಿನವರೆಗೆ ಅದರ ಉದ್ದ ಸುಮಾರು 2,250 ಮಿ.ಮೀ. ಅದರ ಮೇಲೆ ಮೂರು ಅಡಿ ಉದ್ದದ, ಹತ್ತು ಅಂಗುಲ ಆಳದ ಪುಸ್ತಕದ ಶೆಲ್ಫ್ ಒಂದನ್ನು ನಾನೇ ತೂಗುಹಾಕಬೇಕೆಂದುಕೊಂಡು, ಆನ್‌ಲೈನಿನಲ್ಲಿ ಸ್ಟಡ್ (ಬೋರ್ಡನ್ನು ಬಿಗಿಯಲು ಗೋಡೆಯೊಳಗೆ ನಿಲ್ಲಿಸಿರುವ ಕಂಬ) ಹುಡುಕುವ ಯಂತ್ರವೊಂದನ್ನು ತರಿಸಿಕೊಂಡೆ. ಸಾಮಾನ್ಯ ಮೋಡಿನಲ್ಲಿ ಅದು ಈ ತುದಿಯಿಂದ ಆ ತುದಿಯವರೆಗೆ ಬಾಯಿಯೇ ಬಿಡುವುದಿಲ್ಲ, ಆಳದ ಮೋಡಿಗೆ ಹಾಕಿದರೆ ಎಲ್ಲಿ ಇಟ್ಟರೂ ಕೂಗುತ್ತದೆ.

ಮೂಲೆಯಿಂದ 16 ಅಂಗುಲಕ್ಕೊಂದು ಸ್ಟಡ್ ಇರುತ್ತದೆ ಎಂದು ವಿಡಿಯೊಗಳಲ್ಲಿ ಹೇಳಿದ್ದನ್ನು ನಂಬಿ, ಬಾಲ್ಕನಿ ಕಡೆಯ ಮೂಲೆಯಿಂದ ಅಳೆದು 406 ಮತ್ತು 812 ಮಿ.ಮೀ. ದೂರದಲ್ಲಿ ಎರಡು ತೂತು ಕೊರೆದೆ. ಎರಡರಲ್ಲೂ ಡ್ರಿಲ್ಲಿನ ಬಿಟ್ (ಕೊರೆಯುವ ಮೊನೆ) ಒಮ್ಮೆಲೇ ಒಳಕ್ಕೆ ಜಾರಿತು, ತೂತಿನ ಅಂಚಿನ ಬೋರ್ಡು ಪುಡಿಪುಡಿಯಾಗಿ ಉದುರಿತು. ಮೂರನೆಯ ತೂತು ಕೊರೆಯುವ ಮೊದಲು ಕೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ಬಸವನಗುಡಿಯ ಹಿರಿಯ ಸದಸ್ಯರು

ಮೇಡಂ, ನೀವು ನೋಡಿದ ವಿಡಿಯೊಗಳು ಅಮೆರಿಕದವಾಗಿರಬೇಕು. ಅಲ್ಲಿನ ಹೆಚ್ಚಿನ ಮನೆಗಳ ಎಲುಬುಗೂಡೇ ಮರದ್ದು. ‘ಟೂ ಬೈ ಫೋರ್’ ಎಂದು ಹೆಸರಿದ್ದರೂ ನಿಜವಾಗಿ 38 ಮಿ.ಮೀ. ದಪ್ಪ, 89 ಮಿ.ಮೀ. ಅಗಲ ಇರುವ ಮರದ ಕಂಬಗಳನ್ನು ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ನಿಲ್ಲಿಸಿ, ಅದರ ಮೇಲೆ ಬೋರ್ಡು ಬಡಿಯುತ್ತಾರೆ. ನಮ್ಮ ಬೆಂಗಳೂರಿನ ಪಾರ್ಟಿಷನ್‌ಗಳಲ್ಲಿ ಇರುವುದು ಮರವಲ್ಲ, ಅರ್ಧ ಮಿಲಿಮೀಟರಿನಷ್ಟೇ ದಪ್ಪವಿರುವ ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಗಡನ್ನು ಮಡಚಿ ಮಾಡಿದ ಸ್ಟಡ್. ಬೋರ್ಡಿನ ಅಗಲ 1,220 ಮಿ.ಮೀ. ಇರುವುದರಿಂದ ಕೆಲಸದವರು ಅದನ್ನು ಅರ್ಧ ಮಾಡಿ, 610 ಮಿ.ಮೀ.ಗೆ, ಅಂದರೆ ಅವರ ಬಾಯಲ್ಲಿ ಎರಡಡಿಗೆ, ಒಂದರಂತೆ ನಿಲ್ಲಿಸುವುದು ವಾಡಿಕೆ. ಆದರೆ ಆ ಎರಡಡಿಯನ್ನು ಅವರು ಯಾವ ತುದಿಯಿಂದ ಎಣಿಸಲು ಆರಂಭಿಸಿದರು ಎಂಬುದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ, ಟೇಪು ಹಿಡಿದು ಅಳೆದ ಮಾತ್ರಕ್ಕೆ ಕೊರೆಯಲು ಹೋಗಬೇಡಿ.

ಯಂತ್ರದ ವಿಷಯಕ್ಕೆ ಬರುವ ಮೊದಲು ಎರಡು ಸಂಗತಿಗಳನ್ನು ತಿಳಿಸಿ. ಬಾಗಿಲಿನ ಚೌಕಟ್ಟಿನ ಬಳಿ ಅಳೆದರೆ ಗೋಡೆಯ ಒಟ್ಟು ದಪ್ಪ ಎಷ್ಟು ಬರುತ್ತದೆ? ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡು, ಆ ಗೋಡೆಯ ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ನೋಡಿದರೆ ಜಿಪ್ಸಂ ಬೋರ್ಡಿನ ಕತ್ತರಿಸಿದ ಅಂಚು ಹೇಗೆ ಕಾಣುತ್ತದೆ? ಇನ್ನೊಂದು ಮಾತು: ತೂತಿನ ಅಂಚು ಪುಡಿಯಾಗಿದೆ ಎಂದರೆ ಡ್ರಿಲ್ಲು ಹ್ಯಾಮರ್ ಮೋಡಿನಲ್ಲಿ ಇದ್ದಿರಬೇಕು. ಕಾಂಕ್ರೀಟಿಗೆ ಬೇಕಾದ ಆ ಬಡಿತವನ್ನು ಜಿಪ್ಸಂ ತಡೆಯುವುದಿಲ್ಲ.

ಯಲಹಂಕದ ಸದಸ್ಯೆ

ಹ್ಯಾಮರ್ ಮೋಡಿನಲ್ಲಿಯೇ ಇತ್ತು, ಗಮನಿಸಿರಲಿಲ್ಲ. ಗೋಡೆಯ ದಪ್ಪ ಸುಮಾರು 100 ಮಿ.ಮೀ. ಇದೆ. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ಮೊಬೈಲಿನ ಬೆಳಕು ಹಾಕಿದಾಗ, ಬಿಸ್ಕತ್ತಿನ ಎರಡು ಪದರಗಳನ್ನು ಒಂದರ ಮೇಲೊಂದು ಇಟ್ಟಂತೆ, ನಡುವೆ ಕಾಗದದ ಕಂದು ಗೆರೆಯೊಂದು ಕಾಣುವ ಬಿಳಿ ಅಂಚು ಕಂಡಿತು. ಅದರ ಹಿಂದೆ ಹಳದಿ ಬಣ್ಣದ ಗಾಜಿನ ಉಣ್ಣೆ ತುರುಕಿದ್ದಾರೆ.

ಬಸವನಗುಡಿಯ ಹಿರಿಯ ಸದಸ್ಯರು

ಹಾಗಿದ್ದರೆ ಯಂತ್ರ ಕೆಟ್ಟಿಲ್ಲ. ಒಂದೊಂದು ಬೋರ್ಡು 12.5 ಮಿ.ಮೀ., ಒಂದು ಬದಿಗೆ ಎರಡರಂತೆ 25 ಮಿ.ಮೀ., ಎರಡೂ ಬದಿ ಸೇರಿ 50, ನಡುವೆ 48 ಮಿ.ಮೀ.ನ ಸ್ಟಡ್ ಮತ್ತು ಪುಟ್ಟಿ ಸೇರಿದರೆ ನಿಮ್ಮ 100ರ ಲೆಕ್ಕ ಸರಿಹೋಗುತ್ತದೆ. ಸದ್ದು ಈಚೆಗೆ ಬರಬಾರದೆಂದು ಹಿಂದಿನ ಮಾಲೀಕರು ಜೋಡಿ ಬೋರ್ಡು ಹಾಕಿಸಿರಬೇಕು.

ಇಂತಹ ಅಗ್ಗದ ಯಂತ್ರಗಳು ಗೋಡೆಯ ಹಿಂದಿನ ವಸ್ತು ಬದಲಾದಾಗ ಉಂಟಾಗುವ ವಿದ್ಯುತ್ ಧಾರಕತೆಯ ಸಣ್ಣ ವ್ಯತ್ಯಾಸವನ್ನು ಅಳೆಯುತ್ತವೆ. ಸಾಮಾನ್ಯ ಮೋಡಿನಲ್ಲಿ ಅವುಗಳ ನೋಟ ಹೆಚ್ಚೆಂದರೆ 19 ಮಿ.ಮೀ. ಆಳದವರೆಗೆ ಇರುತ್ತದೆ, ನಿಮ್ಮ ಸ್ಟಡ್ ಇರುವುದು 25ರ ಹಿಂದೆ. ಆಳದ ಮೋಡಿಗೆ ಹಾಕಿದಾಗ ಅದು ಅತಿಸೂಕ್ಷ್ಮವಾಗಿ, ಬೋರ್ಡಿಗೆ ಅಲ್ಲಲ್ಲಿ ತಾಗಿಕೊಂಡಿರುವ ಗಾಜಿನ ಉಣ್ಣೆ, ಪುಟ್ಟಿಯ ದಪ್ಪದ ಏರುಪೇರು, ಮಳೆಗಾಲದ ತೇವ, ಪಕ್ಕದಲ್ಲಿ ಊರಿದ ನಿಮ್ಮ ಅಂಗೈ, ಎಲ್ಲಕ್ಕೂ ಕೂಗತೊಡಗುತ್ತದೆ. ಇದರ ಮೇಲೆ, ಗುಂಡಿ ಒತ್ತಿ ಶುರು ಮಾಡುವ ಜಾಗವನ್ನು ಅದು ‘ಖಾಲಿ ಗೋಡೆ’ ಎಂದು ನೆನಪಿಟ್ಟುಕೊಳ್ಳುತ್ತದೆ. ನೀವು ಬಾಗಿಲಿನ ಚೌಕಟ್ಟಿನ ಪಕ್ಕದಲ್ಲಿ ಶುರು ಮಾಡಿದ್ದರೆ ಅಲ್ಲಿ ಖಂಡಿತ ಸ್ಟಡ್ ಇರುತ್ತದೆಯಾದ್ದರಿಂದ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಯಂತ್ರವನ್ನು ಬದಿಗಿಟ್ಟು ಒಂದು ಗಟ್ಟಿ ಅಯಸ್ಕಾಂತ ತನ್ನಿ. ಹಾಳಾದ ಹಾರ್ಡ್ ಡಿಸ್ಕಿನೊಳಗಿನದು ಇದಕ್ಕೆ ಬಹಳ ಚೆನ್ನ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ನೀವು ಹುಡುಕಬೇಕಾದದ್ದು ಸ್ಟಡ್ ಅನ್ನಲ್ಲ, ಸ್ಕ್ರೂವಿನ ತಲೆಯನ್ನು. ಸ್ಟಡ್ 25 ಮಿ.ಮೀ. ಹಿಂದೆ ಅಡಗಿದ್ದರೂ, ಹೊರಗಿನ ಬೋರ್ಡನ್ನು ಅದೇ ಸ್ಟಡ್‌ಗೆ ಬಿಗಿದಿರುವ ಕಪ್ಪು ಸ್ಕ್ರೂಗಳ ತಲೆಗಳು ಪುಟ್ಟಿಯ ಕೆಳಗೆ ಒಂದೆರಡು ಮಿಲಿಮೀಟರಿನಲ್ಲೇ ಇರುತ್ತವೆ. ಬಣ್ಣ ಗೀಚಿಹೋಗದಂತೆ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ, ದಾರದಲ್ಲಿ ಇಳಿಬಿಟ್ಟು, ಗೋಡೆಯನ್ನು ಸವರುವಂತೆ ನಿಧಾನವಾಗಿ ಅಡ್ಡಕ್ಕೆ ಸರಿಸಿ. ಸ್ಕ್ರೂ ಎದುರಾದ ಕಡೆ ದಾರ ಓರೆಯಾಗಿ ಅಯಸ್ಕಾಂತ ಗೋಡೆಗೆ ಕಚ್ಚಿಕೊಳ್ಳುತ್ತದೆ. ಒಂದು ಸ್ಕ್ರೂ ಸಿಕ್ಕರೆ ಸಾಲದು, ಅದರ ನೇರ ಮೇಲೂ ಕೆಳಗೂ ಸುಮಾರು ಒಂದೊಂದು ಅಡಿಗೆ ಸಿಗುತ್ತಾ ಹೋದರೆ ಮಾತ್ರ ಅಲ್ಲಿ ಸ್ಟಡ್ ಇದೆ ಎಂದರ್ಥ. ಅಯಸ್ಕಾಂತಕ್ಕೆ ತಾಮ್ರದ ವೈರೂ ಪಿ.ವಿ.ಸಿ. ಪೈಪೂ ತಿಳಿಯುವುದಿಲ್ಲ ಎಂಬುದು ನೆನಪಿರಲಿ.

ಎಚ್.ಎಸ್.ಆರ್. ಬಡಾವಣೆಯ ಸದಸ್ಯರು

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳೆಲ್ಲ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟಿನವು. ನನ್ನ ಯಂತ್ರವೂ ಅಲ್ಲಲ್ಲಿ ಕೂಗುತ್ತದೆ. ಅಲ್ಲಿಯೂ ಸ್ಟಡ್ ಇರುತ್ತದೆಯೇ?

ಬಸವನಗುಡಿಯ ಹಿರಿಯ ಸದಸ್ಯರು

ಇಲ್ಲ ಸರ್, ಅದು ಒಳಗಿನ ಕಬ್ಬಿಣದ ಸರಳಿಗೆ ಕೂಗುತ್ತಿರಬಹುದು. ಕಾಂಕ್ರೀಟು, ಇಟ್ಟಿಗೆ, ಬ್ಲಾಕ್ ಗೋಡೆಗಳಲ್ಲಿ ಸ್ಟಡ್ ಇರುವುದಿಲ್ಲ. ತೂತು ಕೊರೆದು ನೈಲಾನ್ ಪ್ಲಗ್ ಹಾಕಿದರೆ ಸಾಕು. ಸ್ವಿಚ್ ಬೋರ್ಡಿನ ನೇರ ಮೇಲೆ ಮಾತ್ರ ಕೊರೆಯಬೇಡಿ, ವೈರಿನ ಪೈಪು ಸ್ಲ್ಯಾಬಿನಿಂದ ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ.

ಯಲಹಂಕದ ಸದಸ್ಯೆ

ಅಯಸ್ಕಾಂತದ ಉಪಾಯ ಫಲಿಸಿತು! ಆದರೆ ಹೊಸದೊಂದು ಗೊಂದಲ ಹುಟ್ಟಿದೆ. ಬಾಲ್ಕನಿ ಮೂಲೆಯಿಂದ ಅಳೆದಾಗ 605, 1,215 ಮತ್ತು 1,825 ಮಿ.ಮೀ.ಗಳಲ್ಲಿ ಸ್ಕ್ರೂಗಳ ಸಾಲು ಸಿಕ್ಕಿದೆ. ಮಧ್ಯದಲ್ಲಿರುವುದು ಒಂದೇ ಸಾಲು, ಆಚೀಚಿನ ಎರಡರಲ್ಲಿ ಮಾತ್ರ ಸುಮಾರು 20 ಮಿ.ಮೀ. ಅಂತರದಲ್ಲಿ ಜೋಡಿ ಸಾಲುಗಳಿವೆ. ಹಾಗಿದ್ದರೆ ಅಲ್ಲಿ ಎರಡೆರಡು ಸ್ಟಡ್ ಇವೆಯೇ?

ಬಸವನಗುಡಿಯ ಹಿರಿಯ ಸದಸ್ಯರು

ಒಂದೇ ಸ್ಟಡ್. ಅಲ್ಲಿ ಎರಡು ಬೋರ್ಡುಗಳು ಕೂಡುತ್ತವೆ, ಎರಡರ ಅಂಚನ್ನೂ ಒಂದೇ ಸ್ಟಡ್‌ನ ಸುಮಾರು 35 ಮಿ.ಮೀ. ಅಗಲದ ಮುಖಕ್ಕೆ ಬಿಗಿದಿದ್ದಾರೆ. ಹೊರಪದರವನ್ನು ಅರ್ಧ ಬೋರ್ಡಿನಿಂದ ಆರಂಭಿಸಿ, ಒಳಪದರದ ಜಾಯಿಂಟ್ ಮೇಲೆ ಹೊರಪದರದ ಜಾಯಿಂಟ್ ಬರದಂತೆ ನೋಡಿಕೊಂಡಿದ್ದಾರೆ. ಯಾರೋ ಶ್ರದ್ಧೆಯಿಂದ ಮಾಡಿದ ಕೆಲಸ, ನಮ್ಮಲ್ಲಿ ಇಷ್ಟು ಅಚ್ಚುಕಟ್ಟು ಕಾಣುವುದು ಅಪರೂಪ.

ಕೊರೆದು ಖಚಿತಪಡಿಸಿಕೊಳ್ಳುವಾಗ ಮೇನ್ ಆಫ್ ಇರಲಿ. ಸ್ಟಡ್‌ಗಳ ತೂತಿನ ಮೂಲಕ ವೈರುಗಳನ್ನು ಅಡ್ಡಕ್ಕೂ ಎಳೆದಿರುವ ಸಾಧ್ಯತೆ ಇರುವುದರಿಂದ, ಬಿಟ್ಟಿನ ತುದಿಯಿಂದ 30 ಮಿ.ಮೀ.ಗೆ ಟೇಪು ಸುತ್ತಿ, ಅದಕ್ಕಿಂತ ಆಳಕ್ಕೆ ಇಳಿಯದಂತೆ ನೋಡಿಕೊಳ್ಳಿ. 2 ಮಿ.ಮೀ. ಬಿಟ್ಟಿನಿಂದ ಹ್ಯಾಮರ್ ಇಲ್ಲದೆ ಕೊರೆದರೆ ಮೊದಲು ಸೀಮೆಸುಣ್ಣದಂತಹ ಬಿಳಿ ಪುಡಿ ಬರುತ್ತದೆ, ಆಮೇಲೆ ಬಿಟ್ ತಡೆದು ನಿಲ್ಲುತ್ತದೆ, ಸ್ವಲ್ಪ ಒತ್ತಿದರೆ ಮಿನುಗುವ ತಗಡಿನ ಚೂರು ಸುರುಳಿಯಾಗಿ ಹೊರಬರುತ್ತದೆ. ಆ ಚೂರು ಕಂಡರೆ ಸ್ಟಡ್ ಸಿಕ್ಕಿತು.

ಆದರೆ ಶೆಲ್ಫಿನ ಮಾತು ಬೇರೆ. ನಿಮ್ಮ ಪುಸ್ತಕಗಳ ತೂಕ ಎಷ್ಟು?

ಯಲಹಂಕದ ಸದಸ್ಯೆ

ತೂಕದ ಯಂತ್ರದ ಮೇಲೆ ಕಂತು ಕಂತಾಗಿ ಇಟ್ಟು ನೋಡಿದೆ, 46 ಕೆ.ಜಿ. ನನ್ನ ಅಣ್ಣನ ಮನೆಯಲ್ಲಿ ಇಂತಹದೇ ಗೋಡೆಗೆ ದೊಡ್ಡ ಟಿ.ವಿ.ಯನ್ನೇ ಹಾಕಿದ್ದಾರಲ್ಲ?

ಬಸವನಗುಡಿಯ ಹಿರಿಯ ಸದಸ್ಯರು

ಟಿ.ವಿ. ಗೋಡೆಗೆ ಅಂಟಿಕೊಂಡಂತೆ ಇರುವುದರಿಂದ ಅದರ ಭಾರ ಹೆಚ್ಚಾಗಿ ಕೆಳಮುಖವಾಗಿಯೇ ಬೀಳುತ್ತದೆ. ಹತ್ತು ಅಂಗುಲ ಮುಂದಕ್ಕೆ ಚಾಚಿದ ಶೆಲ್ಫು ಹಾಗಲ್ಲ. ಅದರ ಮೇಲೆ ಪುಸ್ತಕ ಪೇರಿಸಿದಷ್ಟೂ ಮೇಲಿನ ಸ್ಕ್ರೂಗಳನ್ನು ಸನ್ನೆಕೋಲು ಹಾಕಿದಂತೆ ಗೋಡೆಯಿಂದ ಹೊರಕ್ಕೆ ಕೀಳುತ್ತದೆ. ಮರದ ಸ್ಟಡ್ ಆಗಿದ್ದರೆ ಸ್ಕ್ರೂವಿನ ಒಂದಂಗುಲಕ್ಕೂ ಹೆಚ್ಚು ಎಳೆ ಮರವನ್ನು ಕಚ್ಚಿರುತ್ತಿತ್ತು, ಇಲ್ಲಿ ಅದು ಕಚ್ಚುವುದು ಅರ್ಧ ಮಿಲಿಮೀಟರ್ ತಗಡನ್ನು ಮಾತ್ರ. ಬಿಗಿಯುವಾಗ ಒಂದು ಸುತ್ತು ಹೆಚ್ಚಾದರೂ ತೂತು ಸಡಿಲವಾಗಿ ಸ್ಕ್ರೂ ಸುಮ್ಮನೆ ತಿರುಗತೊಡಗುತ್ತದೆ. ತಗಡಿನ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಟಾಗಲ್ ಬೋಲ್ಟ್ ಹಾಕಿ ಬಲಪಡಿಸಬಹುದು, ಮೂರು ಸ್ಟಡ್‌ಗಳ ಮೇಲೆ ಅಡ್ಡಲಾಗಿ 18 ಮಿ.ಮೀ. ಪ್ಲೈವುಡ್ ಪಟ್ಟಿ ಬಿಗಿದು ಶೆಲ್ಫನ್ನು ಅದಕ್ಕೆ ಕೂರಿಸಲೂಬಹುದು. ಆದರೂ 46 ಕೆ.ಜಿ. ಪುಸ್ತಕವನ್ನು ನನ್ನ ಮನೆಯಲ್ಲಾದರೆ ನಾನು ಹೀಗೆ ತೂಗುಹಾಕುವುದಿಲ್ಲ. ನೆಲದ ಮೇಲೆ ನಿಲ್ಲುವ ರ‍್ಯಾಕ್ ಮಾಡಿ, ಮುಂದಕ್ಕೆ ಬೀಳದಂತೆ ಅದರ ತಲೆಯನ್ನು ಮಾತ್ರ ಸ್ಟಡ್‌ಗಳಿಗೆ ಕಟ್ಟುತ್ತೇನೆ. ಆಗ ಭಾರವೆಲ್ಲ ನೆಲಕ್ಕೆ ಹೋಗುತ್ತದೆ.

ಯಲಹಂಕದ ಸದಸ್ಯೆ

ನಿಮ್ಮ ಮಾತಿನಂತೆ ಭಾನುವಾರ ಕೆಲಸ ಮುಗಿಸಿದೆ. 605 ಮತ್ತು 1,215ರಲ್ಲಿ ಎರಡು ಕಡೆಯೂ ತಗಡಿನ ಸುರುಳಿ ಬಂತು. ಎರಡು ಸ್ಟಡ್‌ಗಳೂ ರ‍್ಯಾಕಿನ ಅಗಲದೊಳಗೇ ಬರುವಂತೆ ಅದನ್ನು ನಿಲ್ಲಿಸಿ, ಮೇಲ್ಭಾಗವನ್ನು ಎರಡು ಎಲ್ ಆಕಾರದ ಪಟ್ಟಿಗಳಿಂದ ಟಾಗಲ್ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಹಿಡಿದು ಮುಂದಕ್ಕೆ ಎಳೆದರೂ ಅಲುಗುತ್ತಿಲ್ಲ. ನನ್ನ ಹಳೆಯ ತೂತುಗಳಲ್ಲಿ 812ರದ್ದು ರ‍್ಯಾಕಿನ ಹಿಂದೆ ಮರೆಯಾಯಿತು. 406ರದ್ದು ಮಾತ್ರ ಪಕ್ಕದಲ್ಲೇ ಹೊರಗುಳಿದುಬಿಟ್ಟಿದೆ. ಜಾಲರಿ ಟೇಪು ಅಂಟಿಸಿ ಪುಟ್ಟಿ ತುಂಬಿ, ಹಿಂದಿನವರು ಬಿಟ್ಟುಹೋದ ಡಬ್ಬಿಯ ಬಣ್ಣವನ್ನೇ ಬಳಿದೆ, ಆದರೂ ಆ ಜಾಗ ಗೋಡೆಗಿಂತ ಒಂದು ಛಾಯೆ ಬೆಳ್ಳಗೆ ಕಾಣುತ್ತಿದೆ. ಸದ್ಯಕ್ಕೆ ಅದರ ಮೇಲೆ ಕ್ಯಾಲೆಂಡರ್ ತೂಗಿಸಿದ್ದೇನೆ.