ಅಪ್‌ಡೇಟ್: ಲೋ-ಕಾರ್ಬ್ ಊಟಕ್ಕೆ ಕ್ಯಾಲೊರಿ ಲೆಕ್ಕ ಬೇಕಾ?

ಲೋ-ಕಾರ್ಬ್ (ಪಿಷ್ಟ, ಸಕ್ಕರೆ ಕಡಿಮೆ ಇರೋ ಊಟ) ಅಂತ ಅನ್ನ, ಜೋಳದ ರೊಟ್ಟಿ ಕಡಿಮೆ ಮಾಡಿದರೂ ತೂಕ ಇಳಿಯುತ್ತಿಲ್ಲ, ಕ್ಯಾಲೊರಿ ಎಣಿಸಬೇಕಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. 'ಎಲ್ಲಾ ಬೇಡ, ಎಣ್ಣೆ ಮತ್ತು ಶೇಂಗಾ ಮಾತ್ರ ತೂಗಿ ನೋಡಿ' ಅಂದವರ ಮಾತು ಕೇಳಿದೆ.

ರಾಯಚೂರಿನ ಅಡುಗೆಮನೆ ನಿಮಗೆ ಗೊತ್ತಲ್ಲ. ಎಣ್ಣೆಗಾಯಿಗೂ ಶೇಂಗಾ, ಹಿಂಡಿಗೂ (ಚಟ್ನಿಪುಡಿ) ಶೇಂಗಾ. ಮೇಲೆ ಸಂಜೆಗೆ ಹುರಿದದ್ದು ಒಂದು ಬಟ್ಟಲು. ಕಾರ್ಬ್ ಕಡಿಮೆ ಅಲ್ವಾ! ತೂಗಿದರೆ ಆ ಬಟ್ಟಲೇ ಸುಮಾರು 100 ಗ್ರಾಂ. ಅಂದರೆ 560ಕ್ಕಿಂತ ಜಾಸ್ತಿ ಕ್ಯಾಲೊರಿ. ಒಂದು ಗ್ರಾಂ ಕಾರ್ಬ್‌ಗೆ 4 ಕ್ಯಾಲೊರಿ ಆದರೆ, ಕೊಬ್ಬಿಗೆ 9. ರೊಟ್ಟಿ ಬಿಟ್ಟು ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತಿತ್ತು.

ಈಗ ಬಟ್ಟಲಿನ ಬದಲು ಒಂದು ಹಿಡಿ. ಎಣ್ಣೆ ಚಮಚದಲ್ಲಿ ಅಳೆದು ಹಾಕುತ್ತೇವೆ. ಪುಂಡಿ ಪಲ್ಯ, ಮೊಟ್ಟೆ ಜಾಸ್ತಿ. ಪ್ಯಾಂಟ್ ಸಡಿಲ ಆಗುತ್ತಿದೆ.

ಎಣಿಸಲೇಬೇಕು ಅಂತೇನಿಲ್ಲ ಅನ್ನೋರ ಮಾತೂ ಸುಳ್ಳಲ್ಲ. 2018ರ ಸ್ಟ್ಯಾನ್‌ಫೋರ್ಡ್ ಅಧ್ಯಯನದಲ್ಲಿ 609 ಜನರಿಗೆ ಕ್ಯಾಲೊರಿ ಮಿತಿಯನ್ನೇ ಕೊಟ್ಟಿರಲಿಲ್ಲ. ಲೋ-ಕಾರ್ಬ್, ಲೋ-ಫ್ಯಾಟ್ ಎರಡೂ ಗುಂಪಿನವರ ತೂಕ ಒಂದು ವರ್ಷದಲ್ಲಿ ಹೆಚ್ಚುಕಡಿಮೆ ಒಂದೇ ಸಮ ಇಳಿಯಿತು. ತಿನ್ನೋದು ತಾನಾಗೇ ಕಡಿಮೆಯಾಗಿತ್ತು. ಅವರ ಮುಂದೆ ಶೇಂಗಾ ಬಟ್ಟಲು ಇರಲಿಲ್ಲ ಅನ್ಸುತ್ತೆ.

ನಾವೂ ಹೀಗೆ ಮಾಡಬಹುದಾ ಅಂತ ಶುಗರ್ ಇರೋರೊಬ್ಬರು ಕೇಳಿದ್ದರು. ನನ್ನ ಉತ್ತರ: ಮಾತ್ರೆ, ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನು ಕೇಳದೆ ಅನ್ನ-ರೊಟ್ಟಿ ಒಮ್ಮೆಲೇ ಬಿಡಬೇಡಿ. ಶುಗರ್ ತೀರಾ ಕೆಳಗೆ ಇಳಿಯಬಹುದು.