ಕಥಾಸ್ಪರ್ಧೆ ಫಲಿತಾಂಶ ಹೇಳಾಗಿದೆ, ಈಗ ತಪ್ಪು ಕಾಣ್ತಿದೆ, ಏನ್ ಮಾಡೋದು?

ಹೊಂಗೆನೆರಳು:
ಎಲ್ರಿಗೂ ನಮಸ್ಕಾರ. ನಮ್ದು ಸಣ್ಣ ಫೇಸ್‌ಬುಕ್ ಗುಂಪು, ಯುಗಾದಿಗೆ ಅಂತ ಕಥಾಸ್ಪರ್ಧೆ ಇಟ್ಟಿದ್ವಿ, 38 ಕಥೆ ಬಂತು. ಬಹುಮಾನ ಅಂದ್ರೆ ಸಾವಿರ ರೂಪಾಯಿ ಪುಸ್ತಕ ಅಷ್ಟೆ. ನಾನೇ ಎಲ್ಲಾ ಕಥೆಗೂ ಹೆಸರು ತೆಗ್ದು ನಂಬರ್ ಹಾಕಿ ಮೂವರು ತೀರ್ಪುಗಾರರಿಗೆ ಪಿಡಿಎಫ್ ಕಳ್ಸಿದ್ದೆ, ಮುಖ ನೋಡಿ ಮಣೆ ಹಾಕಿದ್ರು ಅನ್ನೋ ಮಾತು ಬರ್ಬಾರ್ದು ಅಂತ. ಆದ್ರೂ ಗಲಾಟೆ ಆಗಿದೆ. ಇಬ್ಬರು ತೀರ್ಪುಗಾರರು ಎಲ್ಲಾ ಕಥೆಗೂ 60ರಿಂದ 72ರೊಳಗೇ ಅಂಕ ಹಾಕಿದಾರೆ, ಮೂರನೆಯವ್ರು ಹಿರಿಯರು, ಅವ್ರು 28ರಿಂದ 94ರವರೆಗೆ. ಗೆದ್ದ ಕಥೆಗೆ 94, 66, 65. ಗದಗ ಕಡೆ ಮಾತಲ್ಲಿ ಬರ್ದ ಒಂದು ಕಥೆಗೆ ಉಳಿದಿಬ್ರೂ ಮೊದಲ ಸ್ಥಾನ ಕೊಟ್ಟು 72, 71 ಹಾಕಿದಾರೆ, ಹಿರಿಯರು 28. ‘ಬರಾಕತ್ತಾಳ’ ಅಂತಿದ್ದ ಕಡೆಯೆಲ್ಲಾ ಕೆಂಪು ಗೆರೆ ಎಳ್ದು ಮೇಲೆ ‘ಬರುತ್ತಿದ್ದಾಳೆ’ ಅಂತ ತಿದ್ದಿದಾರೆ, ಭಾಷಾಶುದ್ಧಿಗೆ ಇದ್ದ 30ರಲ್ಲಿ ಸೊನ್ನೆ. ಆ ಕಥೆ ಮೊದಲ ಹತ್ತರಲ್ಲೂ ಇಲ್ಲ. ನಂಗೆ ಎರಡು ರಾತ್ರಿ ನಿದ್ದೆ ಬಂದಿಲ್ಲ, ಫಲಿತಾಂಶ ಬದಲಾಯಿಸ್ಬೋದಾ?

ಲೆಕ್ಕದಮೇಷ್ಟ್ರು:
ಇದಕ್ಕೆ ಪಕ್ಷಪಾತಾನೇ ಇರ್ಬೇಕು ಅಂತೇನಿಲ್ಲ. ಇಬ್ಬರ ಅಂಕದಲ್ಲಿ ಮೇಲಿಂದ ಕೆಳಗೆ 12ರ ಅಂತರ, ಹಿರಿಯರದ್ದು 66, ಸುಮ್ನೆ ಕೂಡ್ಸಿದ್ರೆ ತೀರ್ಪು ಕೊಡೋದು ಅವ್ರೊಬ್ಬರ ಪೆನ್ನೇ, ಉಳಿದವ್ರು ಓದಿದ್ದು ಬಿಟ್ಟಿದ್ದು ಒಂದೇ. ಅಂಕ ಬಿಟ್ಟು ರ‍್ಯಾಂಕ್ ಕೂಡ್ಸಿದ್ರೂ ಹಿರಿಯರ ಪಟ್ಟೀಲಿ ಗದಗದ ಕಥೆ ತಳದಲ್ಲೇ ಇರೋದ್ರಿಂದ ಅದು ಗೆಲ್ಲುತ್ತೆ ಅಂತ ಹೇಳೋಕಾಗಲ್ಲ. ಮೂರರಲ್ಲಿ ಮಧ್ಯದ ಅಂಕ ಮಾತ್ರ ತಗೊಂಡ್ರೆ ಗೆದ್ದಿದ್ದಕ್ಕೆ 66, ಗದಗದ ಕಥೆಗೆ 71. ಆದ್ರೆ ಯಾರು ಗೆಲ್ತಾರೆ ಅಂತ ನೋಡ್ಕೊಂಡು ಲೆಕ್ಕದ ರೀತಿ ಆರಿಸೋದು ಇನ್ನೂ ದೊಡ್ಡ ತಪ್ಪು, ಅದನ್ನ ಮಾತ್ರ ಮಾಡ್ಬೇಡಿ. ಮುಂದಿನ ಸಲ ಒಬ್ಬೊಬ್ಬರೂ ಐದೈದು ಕಥೆ ಆರಿಸ್ಲಿ, ಒಬ್ಬರು ಆರಿಸಿದ್ರೂ ಕೊನೆ ಸುತ್ತಿಗೆ ಬರ್ಲಿ, ಅಲ್ಲಿ ಮೂವರೂ ಕೂತು ಮಾತಾಡ್ಲಿ.

ಹಾವೇರಿಯಾಕಿ:
ಅಂಕದ ಮಾತು ಆಮ್ಯಾಲರಿ, ಆ ಕೆಂಪು ಗೆರಿ ಓದಿ ನನ್ನ ಹೊಟ್ಯಾಗ ಸಂಕಟ ಆತು. ನಮ್ಮವ್ವ ದಿನಾ ಮಾತಾಡೂದು ಹಂಗ ಐತಿ, ಅದು ಅಶುದ್ಧ ಅಂದ್ರ ನಮ್ಮವ್ವನ ಬಾಯೇ ಅಶುದ್ಧ ಅಂದಂಗಾತಲ್ರಿ. ದೇವನೂರ ಮಹಾದೇವ ಅವ್ರು ನಂಜನಗೂಡ ಕಡೆ ಮಾತಿನಾಗ ‘ಕುಸುಮಬಾಲೆ’ ಬರದ್ರು, 1990ರಾಗ ಅದಕ್ಕ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆವಾಗ ಯಾರೂ ತಿದ್ದಲಿಲ್ಲ. ಆದ್ರ ಹಿರಿಯರನ್ನಷ್ಟ ಬೈಬ್ಯಾಡ್ರಿ. ‘ಭಾಷಾಶುದ್ಧಿಗೆ 30’ ಅಂತ ನಿಯಮ ಬರದವ್ರು ಯಾರು? ಶುದ್ಧಿ ಅಂದ್ರ ಕಾಗುಣಿತಾನೋ, ಪುಸ್ತಕದ ಭಾಷೆನೋ, ಬಿಡಿಸಿ ಹೇಳಿದ್ರೇನು?

ಮಳೆಹನಿ:
ಗೆದ್ದವ್ರ ಬಗ್ಗೆನೂ ಸ್ವಲ್ಪ ಯೋಚ್ನೆ ಮಾಡಿ. ಕಾಲೇಜಲ್ಲಿದ್ದಾಗ ನಂಗೊಂದು ಕವನಸ್ಪರ್ಧೇಲಿ ಬಹುಮಾನ ಬಂದು, ಅಂಕ ಕೂಡಿಸೋದ್ರಲ್ಲಿ ತಪ್ಪಾಗಿತ್ತು ಅಂತ ನಾಲ್ಕು ದಿನ ಬಿಟ್ಟು ವಾಪಸ್ ಇಸ್ಕೊಂಡ್ರು, ಅಷ್ಟೊತ್ತಿಗೆ ಅಪ್ಪ ಸರ್ಟಿಫಿಕೇಟ್‌ಗೆ ಕಟ್ಟು ಹಾಕ್ಸಿ ಗೋಡೆಗೆ ತೂಗ್ಹಾಕಿದ್ರು, ಅದನ್ನ ಬಿಚ್ಚಿದ್ದು ನಾನೇ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್ ಜೋಡಿ ಸ್ಕೇಟಿಂಗ್‌ನಲ್ಲಿ ತೀರ್ಪಿನ ಗಲಾಟೆ ಆದಾಗ ಗೆದ್ದಿದ್ದ ರಷ್ಯಾ ಜೋಡಿಯಿಂದ ಚಿನ್ನ ಕಿತ್ಕೊಳ್ಲಿಲ್ಲ, ಕೆನಡಾ ಜೋಡಿಗೂ ಚಿನ್ನ ಕೊಟ್ರು. ನಿಮ್ದು ಸಾವಿರ ರೂಪಾಯಿ ಪುಸ್ತಕ, ಇನ್ನೊಂದು ಸಾವಿರ ಹೊಂದಿಸೋಕಾಗಲ್ವಾ?

ಹೊಂಗೆನೆರಳು:
ಹಾವೇರಿಯವ್ರೇ, ಆ ಸಾಲು ಬರ್ದಿದ್ದು ನಾನೇ, ಕಾಗುಣಿತ ಅಂತ ಮನಸ್ಸಲ್ಲಿತ್ತು, ಬಿಡಿಸಿ ಬರೀಲಿಲ್ಲ, ಗುಂಪಲ್ಲಿ ಇವತ್ತು ಅದನ್ನ ಒಪ್ಕೊಂಡು ಬರ್ದು ಮೂವರ ಅಂಕಪಟ್ಟಿನೂ ಹಾಕಿದೀನಿ. ಗೆದ್ದವ್ರ ಬಹುಮಾನ ಮುಟ್ಟಲ್ಲ. ನಿನ್ನೆ ರಾತ್ರಿ ಹಿರಿಯರಿಗೆ ಫೋನ್ ಮಾಡಿದ್ದೆ, ಸಿಟ್ಟಾಗ್ತಾರೆ ಅಂದ್ಕೊಂಡ್ರೆ ಸ್ವಲ್ಪ ಹೊತ್ತು ಸುಮ್ನಿದ್ದು, ‘ಆ ಕಡೆ ಮಾತು ನಂಗೆ ಓದೋಕೆ ಬರಲ್ಲಮ್ಮ, ಯಾರಾದ್ರೂ ಗಟ್ಟಿಯಾಗಿ ಓದಿದ್ರೆ ಕೇಳ್ತೀನಿ’ ಅಂದ್ರು. ಭಾನುವಾರ ಸಂಜೆ ಆರಕ್ಕೆ ಗೂಗಲ್ ಮೀಟಲ್ಲಿ ಮೂವರೂ ಸೇರ್ತಾರೆ. ಕಥೆ ಬರ್ದವ್ರೇ ಓದಿದ್ರೆ ಯಾರು ಅಂತ ಗೊತ್ತಾಗಿಬಿಡುತ್ತೆ. ನೀವು ಓದ್ತೀರಾ?

ಹಾವೇರಿಯಾಕಿ:
ಓದ್ತೀನ್ರಿ. ಇವತ್ತ ಕಳಸ್ರಿ, ಮೊದಲ ಅವ್ವಗ ಒಮ್ಮೆ ಓದಿ ತೋರಸ್ತೀನಿ.