ಸಹಾಯ ಬೇಕು: ಅಪ್ಪನಿಗೆ ಒಳ್ಳೆಯ ಹಾಸ್ಪಿಸ್ ಗುರುತಿಸುವುದು ಹೇಗೆ? (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 74 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಹರಡಿದೆ. ಇನ್ನು ಕೀಮೋ ಬೇಡ, ನೋವಾಗದ ಹಾಗೆ ನೋಡಿಕೊಳ್ಳಿ ಅಂತ ಡಾಕ್ಟರ್ ಹೇಳಿದ್ದಾರೆ. ಅದಕ್ಕೇ ಹಾಸ್ಪಿಸ್, ಅಂದರೆ ಕೊನೆ ಹಂತದ ರೋಗಿಗಳನ್ನು ನೋವಾಗದ ಹಾಗೆ ನೋಡಿಕೊಳ್ಳುವ ಕೇಂದ್ರ, ಹುಡುಕುತ್ತಿದ್ದೇವೆ.

ಕರುಣಾಶ್ರಯದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳಿಗೆ ಉಚಿತ ಆರೈಕೆ ಇದೆ, ಅಲ್ಲೂ ವಿಚಾರಿಸುತ್ತಿದ್ದೇವೆ. ಮನೆ ಹತ್ತಿರದ ಒಂದು ಖಾಸಗಿ ಕೇಂದ್ರವನ್ನೂ ನೋಡಿ ಬಂದೆ. ರೂಮು, ಮಂಚ, ಟಿವಿ ಎಲ್ಲಾ ತೋರಿಸಿದರು. ಮಧ್ಯರಾತ್ರಿ ನೋವು ಜಾಸ್ತಿಯಾದರೆ ಮಾರ್ಫಿನ್ ಕೊಡುವವರು ಯಾರು ಅಂತ ಕೇಳಿದರೆ, "ಆಂಬುಲೆನ್ಸ್ ಕರೆಸ್ತೀವಿ ಮೇಡಂ" ಅಂದರು. ಮತ್ತೆ ಎಮರ್ಜೆನ್ಸಿ ವಾರ್ಡಿಗೆ ಹೋಗಬಾರದು ಅಂತಲೇ ಅಲ್ವಾ ನಾವು ಹಾಸ್ಪಿಸ್ ಹುಡುಕುತ್ತಿರುವುದು? ಮಾರ್ಫಿನ್ ಇಟ್ಟುಕೊಳ್ಳಲು ಆಸ್ಪತ್ರೆಗೆ ಮಾನ್ಯತೆ ಬೇಕು ನಿಜ. ಆದರೆ 2014ರಲ್ಲಿ ಮಾದಕ ವಸ್ತು ಕಾನೂನಿಗೆ (NDPS) ತಿದ್ದುಪಡಿ ಆದ ಮೇಲೆ ಅದು ಮೊದಲಿನಷ್ಟು ಕಷ್ಟವಲ್ಲ. ಅದಿಲ್ಲದ ಜಾಗ ನನಗೆ ಬೇಡ.

ಅಲ್ಲಿದ್ದ ಒಬ್ಬ ಅಜ್ಜನ ತುಟಿ ಒಣಗಿ ಬಿರಿದಿತ್ತು. ಒದ್ದೆ ಹತ್ತಿಯಲ್ಲಿ ಒರೆಸಲು ಯಾರೂ ಇರಲಿಲ್ಲ. ಅದನ್ನು ನೋಡಿದ ಮೇಲೆ ಮನಸ್ಸು ಕೂರಲೇ ಇಲ್ಲ.

ನಿಮ್ಮವರನ್ನು ಇಂಥ ಕಡೆ ಸೇರಿಸಿದ್ದರೆ ದಯವಿಟ್ಟು ಹೇಳಿ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು? ಬೆನ್ನಿನ ಹುಣ್ಣು ಆಗದ ಹಾಗೆ ಮಗ್ಗುಲು ಬದಲಿಸಿದ್ದನ್ನು ಬರೆದಿಡುತ್ತಿದ್ದರಾ? ಅಮ್ಮ ರಾತ್ರಿ ಜೊತೆಗಿರಲು ಬಿಡುತ್ತಾರಾ? ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಹಾಗಾಗಿ ಕನ್ನಡ ಮಾತಾಡುವ ನರ್ಸ್ ಇದ್ದರೆ ತುಂಬಾ ಒಳ್ಳೆಯದು. ಮನೆಗೇ ಬಂದು ನೋಡುವ ತಂಡದ ಅನುಭವ ಇದ್ದರೂ ತಿಳಿಸಿ.